ಎಣಿಕೆಯೂ ಶುಶ್ರೂಷೆಯೇ

ಕ್ಯಾನ್ಸರ್ ಪೀಡಿತರ ಸೇವೆಗೆ ವೈದ್ಯರೇ ಆಗಬೇಕೆಂಬ ಭಾವನೆ ವಿದ್ಯಾರ್ಥಿಗಳಲ್ಲಿ ಬೇರೂರಿದೆ. ಅದು ಅರ್ಧಸತ್ಯವಷ್ಟೇ. ಜಯನಗರಕ್ಕೆ ಸಮೀಪದ ಕಿದ್ವಾಯಿ ಆಸ್ಪತ್ರೆಯಲ್ಲಿ 1982ರಿಂದ ಬೆಂಗಳೂರಿನ ಕ್ಯಾನ್ಸರ್ ರೋಗಿಗಳ ನೋಂದಣಿಕಾರ್ಯ ನಡೆದುಬಂದಿದೆ. ನಗರದ ಆಸ್ಪತ್ರೆ, ಪ್ರಯೋಗಶಾಲೆಗಳ ದಾಖಲೆಗಳನ್ನೂ ಮರಣದಾಖಲೆಗಳನ್ನೂ ಹೋಲಿಸಿ ನೋಡುವ ಕೆಲಸವದು. ಒಂದೆಡೆ ಲಕ್ಷ್ಮಮ್ಮನೆಂದೂ ಮತ್ತೊಂದೆಡೆ ಲಕ್ಕಮ್ಮನೆಂದೂ ಬರೆಯಿಸಿದ ರೋಗಿಯನ್ನು ಗಣಕಯಂತ್ರವು ಇಬ್ಬರೆಂದು ಎಣಿಸೀತು. ಒಬ್ಬಳೇ ಎಂದು ನಿರ್ಣಯಿಸಲು ಗಣಕವಿದ್ಯೆಯೊಡನೆ ರೋಗದ ಅರಿವೂ ಜನರ ನುಡಿಯ ಪರಿಚಯವೂ ಬೇಕು. ಎಣಿಕೆ ತಪ್ಪಿದರೆ, ಯಾವ ರೋಗಕ್ಕೆ ಎಲ್ಲಿ ಎಷ್ಟು ಚಿಕಿತ್ಸಾಸೌಕರ್ಯ ಬೇಕೆಂಬ ಲೆಕ್ಕವೂ ತಪ್ಪುತ್ತದೆ. ಅದರ ಫಲವನ್ನು ಬಡರೋಗಿ ಉಣ್ಣಬೇಕಾಗುತ್ತದೆ. ಗಣಿತದಲ್ಲಿ ಚುರುಕೂ ಮನದಲ್ಲಿ ಮರುಕವೂ ಉಳ್ಳ ಮಕ್ಕಳಿಗೆ ಉಪಾಧ್ಯಾಯರು ಈ ಕಾಯಕದ ದಾರಿಯನ್ನು ತೋರಲಿ. ದಾನಿಗಳು ಅವರ ವ್ಯಾಸಂಗಕ್ಕೆ ನೆರವಾಗಲಿ.