ಚೀಟಿಗೆ ದುಡಿದ ನಾವಿಕರು

ಯುದ್ಧದ ಕಥೆಗಳನ್ನು ಓದುವಾಗ ನಾವು ಫಿರಂಗಿಗಳ ಲೆಕ್ಕವನ್ನೂ ಸೇನಾಪತಿಗಳ ಸಾಹಸವನ್ನೂ ಕುತೂಹಲದಿಂದ ಗಮನಿಸುವೆವು. ಆ ಸೈನಿಕರಿಗೆ ಸಂಬಳ ಸಂದಿತ್ತೇ ಎಂದು ಕೇಳುವವರು ವಿರಳ. ಆ ಪ್ರಶ್ನೆಯನ್ನು ಅಲಕ್ಷಿಸಿದ ಒಂದು ರಾಜ್ಯಕ್ಕೆ ೧೬೬೭ನೆಯ ಇಸವಿಯಲ್ಲಿ ಒದಗಿದ ಅವಮಾನವನ್ನು ಈ ತಿಂಗಳು ವಾಚಕರ ಮುಂದಿಡುತ್ತೇವೆ.

ಆಗ ಇಂಗ್ಲೆಂಡನ್ನು ಎರಡನೆಯ ಚಾರ್ಲ್ಸ್ ದೊರೆಯು ಆಳುತ್ತಿದ್ದನು. ಸಮುದ್ರವ್ಯಾಪಾರದ ಮೇಲಾಟದಿಂದ ಆಂಗ್ಲರಿಗೂ ಡಚ್ಚರಿಗೂ ೧೬೬೫ರಿಂದ ಯುದ್ಧವು ನಡೆದಿದ್ದಿತು. ಅದೇ ವರ್ಷ ಲಂಡನ್ ನಗರದಲ್ಲಿ ಪ್ಲೇಗು ಹಬ್ಬಿತು. ಮರುವರ್ಷ ಮಹಾಗ್ನಿಯು ಊರಿನ ಬಹುಭಾಗವನ್ನು ಸುಟ್ಟಿತು. ಬೊಕ್ಕಸವು ಬರಿದಾಗಲು, ನಾವಿಕರಿಗೆ ನಗದಿಗೆ ಬದಲಾಗಿ ಸಂಬಳದ ಚೀಟಿಗಳನ್ನು ಕೊಡುವ ಪದ್ಧತಿಯು ಬೆಳೆಯಿತು. ಚೀಟಿಯನ್ನು ಲಂಡನ್ನಿನ ಖಜಾನೆಗೆ ಒಯ್ದರೆ ಅಲ್ಲಿ ಹಣವಿಲ್ಲ. ಹಸಿದ ಮಕ್ಕಳಾದರೋ ಕಾಯಲಾರರು. ಆದುದರಿಂದ ಅದನ್ನು ಮುಖಬೆಲೆಗಿಂತ ಬಹಳ ಕಡಮೆಗೆ ಸಾಹುಕಾರರಿಗೆ ಮಾರಿ ಸಂಸಾರ ನಡೆಸಬೇಕಾಯಿತು.

ಇದೇ ಸಮಯದಲ್ಲಿ ಬ್ರೇಡಾ ಪಟ್ಟಣದಲ್ಲಿ ಸಂಧಿಯ ಮಾತುಕತೆ ಮೊದಲಾಯಿತು. ಇನ್ನು ಹಡಗುಗಳಿಗೆ ವೆಚ್ಚವೇತಕ್ಕೆಂದು ದೊರೆಯ ಮಂತ್ರಿಗಳು ದೊಡ್ಡ ಯುದ್ಧನೌಕೆಗಳನ್ನು ಸಜ್ಜುಗೊಳಿಸದೆ, ಮೆಡ್ವೇ ನದಿಯಲ್ಲಿ ಚಾಥಮ್ ಬಂದರಿನ ಬಳಿ ಕಟ್ಟಿಹಾಕಿಸಿದರು. ನದಿಗೆ ಅಡ್ಡಲಾಗಿ ಒಂದು ಕಬ್ಬಿಣದ ಸರಪಳಿ. ನದೀಮುಖದ ಶೀರ್‌ನೆಸ್‌ನಲ್ಲಿ ಅರೆಕಟ್ಟಿದ ಕೋಟೆ. ಇಷ್ಟೇ ಕಾವಲು.

ಡಚ್ಚರ ನಾಯಕನಾದ ಯೋಹಾನ್ ಡಿ ವಿಟ್ಟನು ಈ ಸಂದರ್ಭವನ್ನು ಬಿಡಲಿಲ್ಲ. ಅವನು ಕಳುಹಿಸಿದ ನೌಕಾಬಲಕ್ಕೆ ಪ್ರಖ್ಯಾತನಾದ ಡಿ ರಾಯ್ಟರನು ಅಧಿಪತಿ. ಆಗಿನ ಇಂಗ್ಲೀಷ್ ಪಂಚಾಂಗದಂತೆ ಜೂನ್ ೧೦ರಂದು ಶೀರ್‌ನೆಸ್ ಕೋಟೆಯು ಬಿದ್ದಿತು. ೧೨ರಂದು ಸರಪಳಿಯು ಮುರಿಯಿತು. ೧೬೬೦ರಲ್ಲಿ ದೇಶಭ್ರಷ್ಟನಾಗಿದ್ದ ದೊರೆಯನ್ನು ಸ್ವದೇಶಕ್ಕೆ ಕರೆತಂದಿದ್ದ 'ರಾಯಲ್ ಚಾರ್ಲ್ಸ್' ಎಂಬ ಹಡಗೇ ಶತ್ರುವಿನ ಕೈಸೇರಿತು. ಮರುದಿನ ಇನ್ನು ಮೂರು ಮಹಾನೌಕೆಗಳು ಬೆಂಕಿಗೆ ಆಹುತಿಯಾದುವು.

ಆಂಗ್ಲರಲ್ಲಿ ಶೌರ್ಯಕ್ಕೆ ಕೊರತೆಯಿದ್ದಿತೆನ್ನಲಾಗದು. 'ರಾಯಲ್ ಓಕ್' ಹಡಗನ್ನು ಕಾಯುತ್ತಿದ್ದ ಡಗ್ಲಾಸನೆಂಬ ದಳಪತಿಯು ಅದನ್ನು ಬಿಟ್ಟುಹೋಗದೆ ಅದರೊಡನೆಯೇ ಸುಟ್ಟುಹೋದನು. ಕೊರತೆಯಿದ್ದುದು ಕೊಟ್ಟ ಮಾತಿಗೆ. ನೌಕಾಕಚೇರಿಯ ಅಧಿಕಾರಿಯಾಗಿದ್ದ ಸಾಮ್ಯುಯಲ್ ಪೀಪ್ಸನು ತಾನು ಕೇಳಿದ ಸಂಗತಿಗಳನ್ನು ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಡಚ್ಚರ ಹಡಗುಗಳಿಂದ ಇಂಗ್ಲೀಷ್ ಮಾತೇ ಕೇಳಿಬಂದಿತಂತೆ: ಹಿಂದೆ ಚೀಟಿಗಾಗಿ ಕಾದಿದೆವು, ಈಗ ಬೆಳ್ಳಿಯ ನಾಣ್ಯಕ್ಕಾಗಿ ಕಾದುತ್ತಿದ್ದೇವೆ ಎಂದು ಆಂಗ್ಲ ನಾವಿಕರೇ ಕೂಗಿದರಂತೆ. ವಾಪಿಂಗ್ ಬೀದಿಗಳಲ್ಲಿ ನಾವಿಕರ ಹೆಂಡಂದಿರು, ತಮ್ಮ ಗಂಡಂದಿರಿಗೆ ಸಂಬಳ ಕೊಡದುದರ ಫಲವಿದೆಂದು ಮೊರೆಯಿಟ್ಟರಂತೆ.

ಇದನ್ನು ಬರೆದ ಪೀಪ್ಸನು ಅಷ್ಟರಲ್ಲಿಯೇ ತನ್ನ ತಂದೆಯನ್ನೂ ಹೆಂಡತಿಯನ್ನೂ ಸುಮಾರು ೧೩೦೦ ಪೌಂಡುಗಳ ಚಿನ್ನದೊಡನೆ ಹಳ್ಳಿಗೆ ಸಾಗಿಸಿದ್ದನು. ಅದನ್ನು ತೋಟದಲ್ಲಿ ಹೂಳಿದರು. ಅಕ್ಟೋಬರಿನಲ್ಲಿ ಅವನೇ ಹೋಗಿ ರಾತ್ರಿಯಲ್ಲಿ ಅಗೆದು, ಕೆಸರಿನಲ್ಲಿ ಚೆದರಿದ್ದ ನಾಣ್ಯಗಳನ್ನು ಆರಿಸಿಕೊಳ್ಳಬೇಕಾಯಿತು!

ಕೋಟೆ ಕೊಳ್ಳೆಹೋದ ಮೇಲೆ ದಿಡ್ಡಿಬಾಗಿಲು ಹಾಕಿದಂತೆ, ಬಳಿಕ ವಿಚಾರಣೆ ನಡೆಯಿತು. ಚಾಥಮ್ ಬಂದರಿನ ಅಧಿಕಾರಿಯಾದ ಪೀಟರ್ ಪೆಟ್ಟನನ್ನು ಸೆರೆಗೆ ಹಾಕಿದರು. ತಪ್ಪೆಲ್ಲವೂ ಒಬ್ಬನ ತಲೆಗೆ ಬಂದಿತು. ಜುಲೈ ತಿಂಗಳಲ್ಲಿ ಸಂಧಿಯಾಯಿತು. 'ರಾಯಲ್ ಚಾರ್ಲ್ಸ್' ಹಡಗನ್ನು ಡಚ್ಚರು ೧೬೭೩ರಲ್ಲಿ ಒಡೆಯಲು ಮಾರಿದರು. ಸಿಂಹವನ್ನೂ ಒಂಟಿಕೊಂಬಿನ ಕುದುರೆಯನ್ನೂ ಕೆತ್ತಿದ ಅದರ ಹಿಂಭಾಗದ ಫಲಕವನ್ನು ಇಂದಿಗೂ ಆಮ್‌ಸ್ಟರ್‌ಡಾಮಿನ ವಸ್ತುಸಂಗ್ರಹಾಲಯದಲ್ಲಿ ಕಾಣಬಹುದು.

ಹಡಗುಗಳನ್ನು ಕಟ್ಟಿಹಾಕಿದವರು ಹಣ ಉಳಿಯಿತೆಂದೇ ಭಾವಿಸಿದ್ದರು. ಆದರೆ ಕೊಡದೆ ನಿಲ್ಲಿಸಿದ ಕೂಲಿಯು ಉಳಿತಾಯವಲ್ಲ. ಅದು ಬಡವನ ಹೊಟ್ಟೆಯಿಂದ ತೆಗೆದ ಸಾಲ. ಮನೆಯ ತಿಂಗಳ ಲೆಕ್ಕವನ್ನು ಬರೆಯುವ ಯಜಮಾನರೂ ಗೃಹಿಣಿಯರೂ ಇದನ್ನು ಬಲ್ಲರು. ಪಾತ್ರೆ ತಿಕ್ಕುವವಳಿಗೂ ಹಾಲು ತರುವವನಿಗೂ "ನಾಳೆ ಬಾ" ಎಂದು ಹೇಳಿ ಕಳುಹಿಸಿದ ತಿಂಗಳಿನಲ್ಲಿ ಪೆಟ್ಟಿಗೆಯು ತುಂಬಿದಂತೆ ತೋರುವುದು. ಆ ಹಣ ನಮ್ಮದಲ್ಲ.