ಕೋಣನ ತಲೆಯ ಮೇಲೊಂದು ಶಾಂತ ಮುಖ

ಉತ್ತರ ಕನ್ನಡದ ಮುಂಡಗೋಡಿನಲ್ಲಿ ಟಿಬೆಟನ್ನರ ವಸತಿ ನೆಲೆಗೊಂಡದ್ದು 1966ರಲ್ಲಿ. ಅಲ್ಲಿ ಪುನಃಸ್ಥಾಪನೆಗೊಂಡ ಗಾಂದೆನ್, ಡ್ರೆಪುಂಗ್ ವಿಹಾರಗಳು ಗೆಲುಗ್ ಪರಂಪರೆಯವು. ಆ ಪರಂಪರೆ ಆರಾಧಿಸುವ ಉಗ್ರದೇವತೆಗಳ ಚಿತ್ರಗಳನ್ನು ಕಂಡ ಹೊರಗಿನವರು 'ರಾಕ್ಷಸರು' ಎಂದುಬಿಡುವುದುಂಟು. ಆಧುನಿಕ ಕಲೆಯನ್ನು ಬಲ್ಲವರಿಗೆ ಇವನ್ನು ಯುರೋಪಿನ ಅಭಿವ್ಯಕ್ತಿವಾದದ ಸಾಲಿಗೆ ಸೇರಿಸುವ ಆಸೆಯಾದೀತು. ಎರಡೂ ಅವಸರದ ನೋಟಗಳೇ.

ಎಡ್ವರ್ಡ್ ಮುಂಕ್ 1893ರಲ್ಲಿ ಬರೆದ 'ಚೀತ್ಕಾರ'ದಲ್ಲಿ ದೇಹ ಬಾಗಿ ತಿರುಚಿಕೊಂಡಿರುವುದು ಒಬ್ಬ ಮನುಷ್ಯನ ಒಳಗಿನ ತಲ್ಲಣದಿಂದ. ಟಿಬೆಟನ್ ಪಟಚಿತ್ರದ ವಿಕಾರಕ್ಕೆ ಕಲಾವಿದನ ತಲ್ಲಣ ಕಾರಣವಲ್ಲ. ಅಲ್ಲಿ ಕಣ್ಣು, ಕೈ, ಉದರಗಳೆಲ್ಲವೂ ಮೊದಲೇ ಎಳೆದ ಅಳತೆಯ ಗೆರೆಗಳೊಳಗೆ ಮೂಡುತ್ತವೆ, ಕ್ರೋಧಕ್ಕೂ ತಾಲಮಾನವುಂಟು.

ವಜ್ರಭೈರವನನ್ನೇ ನೋಡಬಹುದು. ಒಂಬತ್ತು ಮುಖ, 34 ಕೈ, 16 ಕಾಲು, ನಡುವೆ ಕೋಣನ ತಲೆ. ಎರಡು ಕೊಂಬುಗಳು ಎರಡು ಸತ್ಯಗಳು: ವ್ಯಾವಹಾರಿಕ, ಪಾರಮಾರ್ಥಿಕ. 34 ಕೈಗಳಿಗೆ ಕಾಯ, ವಾಕ್, ಚಿತ್ತಗಳನ್ನು ಕೂಡಿಸಿದರೆ 37 ಬೋಧಿಪಕ್ಷೀಯ ಧರ್ಮಗಳಾಗುತ್ತವೆ. ಕಾಲುಗಳು ಹದಿನಾರು ಶೂನ್ಯತೆಗಳು. ಯಮನನ್ನು ಗೆಲ್ಲಲು ಯಮನಿಗಿಂತ ಭೀಕರ ರೂಪ ತಳೆದವನೀತ; ಆದರೂ ಎಲ್ಲ ತಲೆಗಳ ತುದಿಯಲ್ಲಿ ಪ್ರಜ್ಞೆಯ ಅಧಿದೇವತೆ ಮಂಜುಶ್ರೀಯ ಸೌಮ್ಯ ಮುಖವಿದೆ. ಚಿತ್ರದ ಅರ್ಥವೆಲ್ಲ ಅಲ್ಲಿ ಕುಳಿತಿದೆ. ಕೋಣನ ತಲೆಯಲ್ಲೇ ನೋಟ ನಿಂತವನಿಗೆ ಉಳಿಯುವುದು ಭಯವಷ್ಟೇ.

ವೀತರಾಗ ಜಿನಮೂರ್ತಿಗೆ ಒಗ್ಗಿದ ಕಣ್ಣಿಗೆ ಈ ಆರ್ಭಟ ಒರಟೆನಿಸುವುದು ಸಹಜ. ಜಿನನಿಗೆ ಉಗ್ರರೂಪವಿಲ್ಲ, ಗೆಲ್ಲಬೇಕಾದ ಕಷಾಯಗಳನ್ನು ಆತನ ಶರೀರದ ಮೇಲೆ ಬರೆಯುವ ಪದ್ಧತಿಯೂ ಇಲ್ಲ. ಹಾಗೆಂದು ಜೈನ ಚಿತ್ರಕಲೆ ಅಂತರಂಗವನ್ನು ಚಿತ್ರಿಸದೆ ಬಿಟ್ಟಿಲ್ಲ. ಶ್ರವಣಬೆಳಗೊಳದ ಮಠದ ಭಿತ್ತಿಯಲ್ಲಿ ಒಂದು ಮರ, ಆರು ಜನ. ಹಣ್ಣಿಗಾಗಿ ಒಬ್ಬ ಬುಡವನ್ನೇ ಕಡಿಯಹೊರಟಿದ್ದಾನೆ, ಮತ್ತೊಬ್ಬ ಉದುರಿದ್ದನ್ನು ಆಯುವುದರಲ್ಲೇ ತೃಪ್ತ. ಕೃಷ್ಣದಿಂದ ಶುಕ್ಲದವರೆಗಿನ ಷಡ್ಲೇಶ್ಯೆಗಳಿವು. ಬಣ್ಣ ಹೊರಗಿನ ವಸ್ತುವಿಗಿಂತ ಒಳಗಿನ ಭಾವಕ್ಕೆ ಸೇರಿದ್ದೆಂಬ ಮಾತನ್ನು ಯುರೋಪಿನ ಕಲಾವಿದರು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹೊಸದೆಂಬಂತೆ ಸಾರಿದರು. ಲೇಶ್ಯೆಯ ತತ್ತ್ವದಲ್ಲಿ ಅದು ಬಹು ಹಿಂದೆಯೇ ಶಾಸ್ತ್ರವಾಗಿತ್ತು.

ಲೇಶ್ಯಾವೃಕ್ಷದ ಕಥೆಯನ್ನು ಬಲ್ಲವನು ಆ ಭಿತ್ತಿಯ ಮುಂದೆ ತಡವರಿಸುವುದಿಲ್ಲ. ಮುಂಡಗೋಡಿನ ಚಿತ್ರಗಳಿಗೂ ಅಂಥ ಪರಿಚಯ ಕನ್ನಡದಲ್ಲಿ ಸಲ್ಲಬೇಕು. ಅರ್ಧ ಶತಮಾನಕ್ಕೂ ಮೀರಿದ ನೆರೆಹೊರೆಯವರ ದೇವರನ್ನು ರಾಕ್ಷಸನೆಂದು ಕರೆಯುವುದು ಕೇವಲ ಕಲಾವಿಮರ್ಶೆಯ ತಪ್ಪಲ್ಲ. ಚಿತ್ರದ ಪಕ್ಕದಲ್ಲಿ ಕನ್ನಡದ ನಾಲ್ಕು ಸಾಲಿದ್ದರೂ ಸಾಕು, ಹಳಿಯಾಳದಿಂದಲೋ ದಾಂಡೇಲಿಯಿಂದಲೋ ಬಂದವನ ಕಣ್ಣು ಆ ತುದಿಯ ಮುಖದವರೆಗೆ ಏರೀತು.