ಲಘುವಿಗೆ ಕೆಂಪು, ಗುರುವಿಗೆ ನೀಲಿ

ಮೊನ್ನೆ ಹಳೆಯ ವಿದ್ಯಾರ್ಥಿಯೊಬ್ಬರು ಮನೆಗೆ ಬಂದವರು, ನನ್ನ ಮೇಜಿನ ಮೇಲೆ ಪಿಂಗಳನ ಛಂದಶ್ಶಾಸ್ತ್ರದ ಪಕ್ಕದಲ್ಲಿ ಒಂದು ಕರಿಯ ಯಂತ್ರವಿದ್ದುದನ್ನು ಕಂಡು, “ಮೇಷ್ಟ್ರೇ, ಗಣಿತದವರ ಸಾಮಾನು ಸಂಸ್ಕೃತದವರ ಮನೆಗೆ ಹೇಗೆ ಬಂತು?” ಎಂದು ನಕ್ಕರು. ಅವರಿಗೆ ಹೇಳಿದ ಕಥೆಯನ್ನೇ ಈ ತಿಂಗಳು ವಾಚಕರ ಮುಂದೆಯೂ ಇಡುವೆನು. ಅದರಲ್ಲಿ ನನ್ನದೊಂದು ತಪ್ಪೂ ಸೇರಿರುವುದರಿಂದ ಇಷ್ಟು ದಿನ ಹೇಳಲು ಮನಸ್ಸಾಗಿರಲಿಲ್ಲ.

ಆ ಯಂತ್ರವು ಅಮೇರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯವರು 2013ರಲ್ಲಿ ಹೊರತಂದ ಟಿಐ-84 ಪ್ಲಸ್ ಸಿ ಸಿಲ್ವರ್ ಎಡಿಷನ್ ಎಂಬ ಕ್ಯಾಲ್ಕುಲೇಟರು. ಇದು ಕೂಡಿ ಕಳೆಯುವುದಷ್ಟೇ ಅಲ್ಲ. ಸಮೀಕರಣವೊಂದನ್ನು ಕೊಟ್ಟರೆ ಅದರ ರೇಖೆಯನ್ನು ಪರದೆಯ ಮೇಲೆ ಬರೆದು ತೋರಿಸುವುದು. ಅಲ್ಲಿಯ ಮಕ್ಕಳು ಈ ಜಾತಿಯ ಯಂತ್ರವನ್ನು ಎಸ್.ಎ.ಟಿ. ಪರೀಕ್ಷೆಗೂ ಒಯ್ಯಬಹುದು. ಹಿಂದಿನ ಟಿಐ-84 ಪ್ಲಸ್‌ಗಳ ಪರದೆ ಬರಿಯ ಕಪ್ಪುಬಿಳುಪು. ಇದರದು ಬಣ್ಣದ ಪರದೆ.

ಆ ವರ್ಷ ಅಲ್ಲಿಯ ಬೇಸಿಗೆಯ ರಜೆಗೆ ನನ್ನ ಅಕ್ಕ ಮಗನೊಡನೆ ಊರಿಗೆ ಬಂದಿದ್ದಳು. ಹುಡುಗನಿಗೆ ಹದಿನಾಲ್ಕು ವರ್ಷ. ಬಂದ ದಿನದಿಂದಲೂ ಪಡಸಾಲೆಯ ಮೂಲೆಯಲ್ಲಿ ಕುಳಿತು ಈ ಯಂತ್ರದ ಗುಂಡಿಗಳನ್ನು ಒತ್ತುತ್ತಿದ್ದನು. ಪರದೆಯ ಮೇಲೆ ಒಂದು ಚೆಂಡು ಗೋಡೆಗೆ ಬಡಿದು ಹಿಂದಿರುಗುತ್ತಿದ್ದಿತು. ನಾನು ನೋಡಿದುದು ಅಷ್ಟನ್ನೇ. “ಲೆಕ್ಕಕ್ಕೆಂದು ಕೊಡಿಸಿದ ವಸ್ತುವಿನಲ್ಲಿ ಆಟವೇ?” ಎಂದು ಗದರಿಸಿದೆನು. ಅಕ್ಕ ಒಳಗಿನಿಂದಲೇ, “ಅವನು ಆಟ ಆಡ್ತಾ ಇಲ್ಲ ಕಣೋ, ಆಟ ಮಾಡ್ತಾ ಇದಾನೆ” ಎಂದಳು. ಅವಳ ಮಾತನ್ನು ನಾನು ಮಗನ ಮೇಲಣ ಮೋಹವೆಂದು ತಿಳಿದು, ಯಂತ್ರವನ್ನು ಕಸಿದು ಬೀರುವಿನಲ್ಲಿಟ್ಟು ಬೀಗ ಹಾಕಿದೆನು. ನಾಲ್ಕು ದಿನ ಅದು ಅಲ್ಲಿಯೇ ಇದ್ದಿತು. ಹುಡುಗನು ಎದುರು ಮಾತಾಡಲಿಲ್ಲ. ಆದರೆ ಐದನೆಯ ದಿನ ಬೆಳಿಗ್ಗೆ, ಅವನು ಹಳೆಯ ನೋಟುಪುಸ್ತಕವೊಂದರ ತುಂಬ ಏನನ್ನೋ ಬರೆದು, ಹೊಡೆದುಹಾಕಿ, ಮತ್ತೆ ಬರೆಯುತ್ತಿದ್ದುದನ್ನು ಕಂಡು ಕುತೂಹಲದಿಂದ ಕೇಳಿದೆನು.

ಅವನು ವಿವರಿಸಿದುದನ್ನು ನನ್ನ ಮಾತಿನಲ್ಲಿ ಹೇಳುವೆನು. ಪರದೆಯೆಂಬುದು ಸಣ್ಣ ಚುಕ್ಕೆಗಳ ಸಮೂಹ. ಹಳೆಯ ಪರದೆಯಲ್ಲಿ ಅಡ್ಡಲಾಗಿ 96, ಉದ್ದಕ್ಕೆ 64. ಒಟ್ಟು 6,144 ಚುಕ್ಕೆಗಳು. ಚುಕ್ಕೆ ಕಪ್ಪೋ ಬಿಳುಪೋ ಎಂದು ಹೇಳಿದರೆ ಸಾಕಾದುದರಿಂದ ಇಡೀ ಪರದೆಯ ಚಿತ್ರ 768 ಬೈಟುಗಳಲ್ಲಿ ಅಡಗುತ್ತಿದ್ದಿತು. ಹೊಸ ಪರದೆಯಲ್ಲಿ 320ಕ್ಕೆ 240ರಂತೆ 76,800 ಚುಕ್ಕೆಗಳು; ಒಂದೊಂದರ ಬಣ್ಣಕ್ಕೂ ಎರಡು ಬೈಟು; ಒಟ್ಟು 1,53,600. ಸರಿಯಾಗಿ ಇನ್ನೂರು ಪಟ್ಟು! ಹೊರೆ ಇನ್ನೂರು ಪಟ್ಟಾದರೂ ಎತ್ತು ಮಾತ್ರ ಹಳೆಯದೇ. 1976ರಲ್ಲಿ ಹುಟ್ಟಿದ ಝಡ್-80 ಎಂಬ ವಂಶದ ಪ್ರೊಸೆಸರು, ಅದೇ 15 ಮೆಗಾಹರ್ಟ್ಸ್ ವೇಗ. ಬಳಸುವವನ ಪಾಲಿಗೆ ಉಳಿಯುವ ನೆನಪಿನ ಜಾಗ ಸುಮಾರು 21 ಕಿಲೋಬೈಟು ಮಾತ್ರ. ಎಂದರೆ ಪರದೆಯ ಒಂದು ಚಿತ್ರವೂ ಅದರಲ್ಲಿ ಹಿಡಿಸದು.

ಹೀಗಿರಲು ಚೆಂಡನ್ನು ಓಡಿಸುವುದು ಹೇಗೆ? ಮೊದಲು ಹುಡುಗನು ಪ್ರತಿ ಹೆಜ್ಜೆಗೂ ಪರದೆಯನ್ನೆಲ್ಲ ಅಳಿಸಿ ಹೊಸದಾಗಿ ಬರೆಸಿದ್ದನಂತೆ. ಒಂದಕ್ಷರ ತಿದ್ದಲು ಸ್ಲೇಟನ್ನೆಲ್ಲ ತೊಳೆದಂತಾಗಿ ಚಿತ್ರವು ಮಿಣುಕುತ್ತಿದ್ದಿತು. ಬಳಿಕ, ಚೆಂಡು ಬಿಟ್ಟುಹೋದ ಜಾಗವನ್ನಷ್ಟೇ ಅಳಿಸಿ, ಹೊಸ ಜಾಗದಲ್ಲಷ್ಟೇ ಬರೆಯುವಂತೆ ಮಾಡಿದನು. ಬೀರುವಿಗೆ ಬೀಗ ಬಿದ್ದ ನಾಲ್ಕು ದಿನಗಳಲ್ಲಿ ಕಾಗದದ ಮೇಲೆ ಅವನು ಹುಡುಕುತ್ತಿದ್ದುದು, ಇನ್ನೂ ಯಾವುದನ್ನು ಬರೆಯದೆ ಬಿಡಬಹುದು ಎಂಬುದನ್ನು. ಈ ಯಂತ್ರದ ಬೇಸಿಕ್ ಭಾಷೆಯಲ್ಲಿ ಸಾಲಿನ ಕೊನೆಗೆ ಬರುವ ಕಂಸವನ್ನು ಮುಚ್ಚದಿದ್ದರೂ ಯಂತ್ರವು ಅರ್ಥಮಾಡಿಕೊಳ್ಳುವುದು. ಹಾಗೆ ಬಿಟ್ಟ ಒಂದೊಂದು ಕಂಸಕ್ಕೂ ಒಂದು ಬೈಟು ಉಳಿತಾಯ. “ಇಲ್ಲಿ ನೋಡಿ ಮಾವ, ಒಂಬತ್ತು ಬೈಟು ಉಳೀತು” ಎಂದು ಅವನು ಹಿಗ್ಗಿದಾಗ ನನಗೆ ನಮ್ಮ ವೈಯಾಕರಣರ ನೆನಪಾಯಿತು. ಸೂತ್ರದಲ್ಲಿ ಅರ್ಧಮಾತ್ರೆ ಉಳಿದರೆ ಅವರಿಗೆ ಎಷ್ಟು ಸಂತೋಷವೆಂಬುದನ್ನು ಬಲ್ಲವರು ಬಲ್ಲರು. ನಾನು ಮೂವತ್ತು ವರ್ಷ ತರಗತಿಯಲ್ಲಿ ಯಾವ ಲಾಘವವನ್ನು ಹೊಗಳುತ್ತ ಬಂದೆನೋ ಅದೇ ನನ್ನ ಪಡಸಾಲೆಯಲ್ಲಿ ಕುಳಿತಿದ್ದಾಗ ಗುರುತಿಸದೆ ಹೋದೆನು. ಬೀರುವಿನ ಬೀಗವನ್ನು ಅಂದೇ ತೆಗೆದೆನು.

2017ರಲ್ಲಿ ಅವನು ಕಾಲೇಜಿಗೆ ಸೇರಿದಾಗ ಹಳೆಯ ಯಂತ್ರವನ್ನು ನನಗೆ ಕಳುಹಿಸಿಕೊಟ್ಟನು. ಅಷ್ಟರಲ್ಲಿ ಸಂಸ್ಥೆಯವರು 2015ರಲ್ಲಿಯೇ ಸಿಇ ಎಂಬ ಮುಂದಿನ ಮಾದರಿಯನ್ನು ತಂದಿದ್ದರು. ಅದರ ವೇಗ 48 ಮೆಗಾಹರ್ಟ್ಸ್, ಜಾಗ 154 ಕಿಲೋಬೈಟು. ಹವ್ಯಾಸಿಗಳು ಅದಕ್ಕೆ ಯಂತ್ರಭಾಷೆಯಲ್ಲಿಯೂ ಸಿ ಭಾಷೆಯಲ್ಲಿಯೂ ಅಚ್ಚರಿಯ ಆಟಗಳನ್ನು ಬರೆದರು. ಆದರೆ 2020ರ ಮೇ ತಿಂಗಳಲ್ಲಿ ಸಂಸ್ಥೆಯವರು ಸಿಇಗೆ ಹೊಸ ಆಂತರಿಕ ವ್ಯವಸ್ಥೆಯನ್ನು ಕೊಟ್ಟು ಆ ಎರಡು ಬಾಗಿಲುಗಳನ್ನೂ ಮುಚ್ಚಿದರು. ಬೇಸಿಕ್ಕು ಮಾತ್ರ ಉಳಿಯಿತು. ಪರೀಕ್ಷೆಯಲ್ಲಿ ಮೋಸಕ್ಕೆ ಎಡೆಯಾಗಬಾರದೆಂಬುದು ಕಾರಣ. ಅಳಿಯನು ದೂರವಾಣಿಯಲ್ಲಿ ಕೋಪದಿಂದ ಹೇಳಿದಾಗ ನಾನು, “ಕಳ್ಳರಿರುವ ಕಡೆ ಬೀಗ ಹಾಕುವುದರಲ್ಲಿ ತಪ್ಪೇನಪ್ಪ?” ಎಂದೆನು. ಪರೀಕ್ಷೆಯ ಕೊಠಡಿಗಳಲ್ಲಿ ಎಷ್ಟೋ ಚೀಟಿಗಳನ್ನು ಹಿಡಿದ ಕೈ ನನ್ನದು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ನೀವೂ ಒಂದ್ಸಲ ಬೀಗ ಹಾಕಿದ್ರಿ ಮಾವ” ಎಂದನು.

ಉತ್ತರ ಹೊಳೆಯಲಿಲ್ಲ. ಈಗ ಯೋಚಿಸಿದರೆ, ಪರೀಕ್ಷೆಯ ಮೂರು ಗಂಟೆಗಳ ಕಾಲ ಯಂತ್ರದ ಬಾಯನ್ನು ಕಟ್ಟುವುದು ನ್ಯಾಯವೇ. ಅದಕ್ಕಾಗಿ ಆ ಯಂತ್ರಗಳಲ್ಲಿ ಬೇರೆ ಏರ್ಪಾಡೂ ಇದೆ. ಆದರೆ ಆ ಮೂರು ಗಂಟೆಗಳಿಗಾಗಿ ವರ್ಷದ ಉಳಿದ ದಿನಗಳಿಗೂ ಬೀಗ ಹಾಕುವುದು ನನಗೆ ಸರಿಕಾಣದು. ಹವ್ಯಾಸಿಗಳು ಅದೇ ವರ್ಷ ಆ ಬೀಗಕ್ಕೆ ಒಂದು ಬಳಸುದಾರಿಯನ್ನು ಕಂಡುಹಿಡಿದರೆಂದು ಕೇಳಿ, ಮೇಷ್ಟರಾಗಿ ಮೆಚ್ಚಬಾರದಾದರೂ, ಒಳಗೊಳಗೇ ಮೆಚ್ಚಿದೆನು.

ನಿವೃತ್ತನಾದ ಮೇಲೆ ನಾನೂ ಬೇಸಿಕ್ಕನ್ನು ಕಲಿತೆನು. ಲಘುಗುರುಗಳ ಪ್ರಸ್ತಾರದಲ್ಲಿ ಇಂತಿಷ್ಟನೆಯ ಸಾಲು ಹೇಗಿರುವುದೆಂದು ತಿಳಿಯುವ ವಿಧಿಗೆ ನಷ್ಟವೆಂದು ಹೆಸರು. ಪಿಂಗಳನು ಎಂಟನೆಯ ಅಧ್ಯಾಯದಲ್ಲಿ ಅದನ್ನು ಎರಡು ಪುಟ್ಟ ಸೂತ್ರಗಳಲ್ಲಿ ಹೇಳಿರುವನು. ಸಾಲಿನ ಸಂಖ್ಯೆ ಸಮವಾದರೆ ಲಘುವನ್ನು ಬರೆದು ಅರ್ಧಮಾಡು. ಬೆಸವಾದರೆ ಗುರುವನ್ನು ಬರೆದು, ಒಂದನ್ನು ಕೂಡಿಸಿ ಅರ್ಧಮಾಡು. ಇದಕ್ಕಿಂತ ಒಳ್ಳೆಯ ಪ್ರೋಗ್ರಾಮು ಬೇಕೆ? ಅನುಷ್ಟುಭ್ ಪಾದದ ಎಂಟು ಅಕ್ಷರಗಳಿಗೆ 256 ಭೇದಗಳು. ಯಂತ್ರದಲ್ಲಿ ಚಿತ್ರಕ್ಕೆಂದು ಬಿಟ್ಟ ಜಾಗ ಅಡ್ಡಕ್ಕೆ 265, ಉದ್ದಕ್ಕೆ 165 ಚುಕ್ಕೆ. ಒಂದೊಂದು ಭೇದವನ್ನೂ ನಿಂತ ಗೆರೆಯಾಗಿ, ಒಂದೊಂದು ಅಕ್ಷರವನ್ನೂ ಇಪ್ಪತ್ತು ಚುಕ್ಕೆಯೆತ್ತರವಾಗಿ, ಲಘುವನ್ನು ಕೆಂಪಿನಲ್ಲಿ, ಗುರುವನ್ನು ನೀಲಿಯಲ್ಲಿ ಬರೆಯಿಸಿದೆನು.

ಮೊದಲ ಸಲ ತಪ್ಪಿತು. ಕೆಳಗಿನ ಪಟ್ಟಿಯಲ್ಲಿ ಅರ್ಧಕ್ಕರ್ಧ ಕೆಂಪಿರಬೇಕಾದ ಕಡೆ ಬಲದ ಅಂಚಿನಲ್ಲಿ ಒಂದೇ ಎಳೆ ಕೆಂಪು, ಉಳಿದುದೆಲ್ಲ ನೀಲಿ. ಎರಡು ಸಂಜೆ ತಲೆ ಕೆರೆದುಕೊಂಡ ಮೇಲೆ ತಿಳಿಯಿತು: ಬೆಸಕ್ಕೆ ಒಂದನ್ನು ಕೂಡಿಸುವುದನ್ನು ಮರೆತಿದ್ದೆನು. ಮೂರರ ಅರ್ಧ ಒಂದೂವರೆಯಾಗಿ, ಅದು ಎಂದಿಗೂ ಸಮವಾಗದೆ, ಮುಂದೆಲ್ಲ ಗುರುವೇ ಬೀಳುತ್ತಿದ್ದಿತು. ಮೂವತ್ತು ವರ್ಷ ಬಾಯಿಪಾಠ ಮಾಡಿಸಿದ ಸೂತ್ರದಲ್ಲಿ ‘ಒಂದನ್ನು ಕೂಡಿಸಿ’ ಎಂಬ ಮಾತು ಏಕಿದೆಯೆಂಬುದು ನನಗೆ ನಿಜವಾಗಿ ತಿಳಿದುದು ಆ ಸಂಜೆ. ತಿದ್ದಿದ ಮೇಲೆ, ಕಾಫಿ ಕುಡಿದು ಬರುವಷ್ಟರಲ್ಲಿ, ಮೇಲೆ ಎಳೆಯೆಳೆಯಾಗಿ ತೊಡಗಿ ಕೆಳಕೆಳಗೆ ಅಗಲವಾಗುತ್ತ ಬರುವ ಪಟ್ಟೆಗಳು ಸೀರೆಯ ಸೆರಗಿನಂತೆ ಹರಡಿದ್ದವು. ಮನೆಯವರನ್ನು ಕರೆದು ತೋರಿಸಿದೆನು.

ಈಗ ತ್ರಿಷ್ಟುಭ್ ಹಿಡಿದಿದ್ದೇನೆ. ಹನ್ನೊಂದು ಅಕ್ಷರಕ್ಕೆ 2,048 ಭೇದಗಳು; ಒಂದು ಪರದೆಯಲ್ಲಿ ಹಿಡಿಸವು. ಪುಟಕ್ಕೆ 256ರಂತೆ ಎಂಟು ಪುಟ ಮಾಡಿ, ಗುಂಡಿ ಒತ್ತಿದರೆ ಮುಂದಿನ ಪುಟ ಬರುವಂತೆ ಬರೆಯುತ್ತಿರುವೆನು. ಅಕ್ಷರಕ್ಕೆ ಹದಿನೈದು ಚುಕ್ಕೆಯಂತೆ ಹನ್ನೊಂದು ಪಟ್ಟಿಗಳಿಗೆ 165 ಚುಕ್ಕೆಗಳೂ ಸರಿಯಾಗಿ ಮುಗಿಯುವುದನ್ನು ಕಂಡು, ರಾತ್ರಿಯೇ ಅಳಿಯನಿಗೆ ತಿಳಿಸಿದೆನು.